ಆರಡಿಯವರ ಡಾಲ್ಫಿನ್: ಬಳಕೆಯ ಕೈಪಿಡಿ

ಈ ಕೈಪಿಡಿ ಯಾರಿಗೆ

ನಿಮ್ಮ ಎತ್ತರ ಆರಡಿ ದಾಟಿದೆ. ಕೊಟ್ಟಿಗೆಯಲ್ಲಿ ಹಳೆಯ ಸಿಪಾನಿ ಡಾಲ್ಫಿನ್ ಇದೆ. ಮನೆ ಗುಂಡ್ಯದ ಆಸುಪಾಸಿನಲ್ಲಿದೆ. ಮೂರೂ ಹೌದಾದರೆ ಮುಂದೆ ಓದಿ. ಮೊದಲನೆಯದು ಮಾತ್ರ ಹೌದಾದರೆ ಜೀಪು ತೆಗೆದುಕೊಂಡು ಸುಖವಾಗಿರಿ.

ಎತ್ತರ ನಮ್ಮ ಕಡೆಯ ಸಮಸ್ಯೆಯಲ್ಲ ಎನ್ನುವವರು ನಕಾಶೆ ನೋಡಲಿ. ಘಟ್ಟದ ಮೇಲೆ ಜಾವಗಲ್, ಘಟ್ಟದ ಕೆಳಗೆ ಕುಂಬಳೆ: ಎರಡು ಊರೂ ತಮ್ಮ ಹೆಸರನ್ನು ಒಬ್ಬೊಬ್ಬ ನೀಳಕಾಯದ ಬೌಲರ್‌ಗೆ ಕೊಟ್ಟಿವೆ. ಗುಂಡ್ಯ ಇರುವುದು ಇವೆರಡರ ನಡುವೆ.

ಕಾರಿನ ಪರಿಚಯ

ಇಂಗ್ಲೆಂಡಿನ ಟ್ಯಾಮ್‌ವರ್ತ್‌ನ ರಿಲಯಂಟ್ ಕಂಪನಿಯ ಕಿಟನ್ ಎಂಬ ಕಾರನ್ನು ಪರವಾನಗಿ ಪಡೆದು ಬೆಂಗಳೂರಿನ ಸಿಪಾನಿಯವರು 1982ರಲ್ಲಿ ಡಾಲ್ಫಿನ್ ಎಂದು ಹೊರತಂದರು. ಎರಡು ಬಾಗಿಲು, ಫೈಬರ್ ಮೈ, ಉಕ್ಕಿನ ಚಾಸಿ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಓಡಿಸುವುದು ಹಿಂದಿನ ಚಕ್ರ. ಇದು ಸ್ಪೋರ್ಟ್ಸ್ ಕಾರು ಎಂದು ಕಾಗದದಲ್ಲಿ ಎಲ್ಲಿಯೂ ಇಲ್ಲ. ಆದರೆ ಮದ್ರಾಸಿನ ಹತ್ತಿರದ ಶೋಲಾವರಂ ರೇಸಿನವರೂ ರ್‍ಯಾಲಿಯವರೂ ಕಾಗದ ಓದುವ ಪೈಕಿ ಅಲ್ಲ. ಹಗುರ ಮೈ, ಹಿಂದಿನಿಂದ ತಳ್ಳುವ ಚಕ್ರ ಎಂದು ಕಂಡ ಕೂಡಲೇ ಎತ್ತಿಕೊಂಡು ಓಡಿಸಿದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಪೇಟೆಯಲ್ಲಿ ಡಾಲ್ಫಿನ್‌ನ ಕಥೆ ಹೆಚ್ಚು ದಿನ ನಡೆಯಲಿಲ್ಲ.

ಕಾರಿನ ಉದ್ದ ಸುಮಾರು 3.3 ಮೀಟರ್, ಅಗಲ ಒಂದೂವರೆ ಮೀಟರಿಗೂ ಕಡಿಮೆ. ನಮ್ಮ ಮಳೆಗೆ ಫೈಬರ್ ಮೈ ತುಕ್ಕು ಹಿಡಿಯದು. ಅದರ ಅಡಿಯ ಚಾಸಿ ಹಿಡಿಯುತ್ತದೆ. ಸೀಟಿಗೆ ಕೈ ಹಾಕುವ ಮೊದಲು ಅದನ್ನು ನೋಡಿ.

ಮೂಲ ನಿಯಮ

ಒಂದೇ ಕಡೆಯಲ್ಲಿ ನಾಲ್ಕು ಇಂಚು ಯಾವ ಸಣ್ಣ ಕಾರಿನಲ್ಲಿಯೂ ಸಿಗುವುದಿಲ್ಲ. ನಾಲ್ಕು ಕಡೆ ಒಂದೊಂದು ಇಂಚು ಸಿಗುತ್ತದೆ. ಪಡೆದ ಪ್ರತಿ ಇಂಚಿಗೂ ಬೇರೆಲ್ಲೋ ಬಾಕಿ ಕಟ್ಟಬೇಕು. ಮುಂದಿನ ಹಂತಗಳೆಲ್ಲ ಈ ಬಾಕಿಯ ಲೆಕ್ಕ.

ಹಂತ 1: ಅಳೆಯುವುದು

ಒಟ್ಟು ಎತ್ತರ ಮದುವೆ ಜಾಹೀರಾತಿಗೆ ಸಾಕು, ಕಾರಿಗೆ ಸಾಲದು. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತು ನೆತ್ತಿಯವರೆಗೆ ಅಳೆಯಿರಿ. ಆಮೇಲೆ ಬೆನ್ನಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಹಿಮ್ಮಡಿಗೆ, ಕೊನೆಗೆ ಚಪ್ಪಲಿಯ ಉದ್ದ. ಒಂದೇ ಎತ್ತರದ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ತಲೆ ತಾಗುತ್ತದೆ, ಇನ್ನೊಬ್ಬನಿಗೆ ಮೊಣಕಾಲು. ಇಬ್ಬರ ರಿಪೇರಿಯೂ ಬೇರೆ.

ಹಂತ 2: ಸೀಟು ತಗ್ಗಿಸುವುದು

ಕುಶನ್ ವರ್ಕ್ಸ್‌ನವರಿಗೆ ಸೀಟು ಕೊಟ್ಟು, ಹಳೆಯ ಸ್ಪಂಜು ತೆಗೆದು ತೆಳುವಾದ ಗಟ್ಟಿ ಸ್ಪಂಜು ಹಾಕಿಸಿ. ಹಿಂಭಾಗದಲ್ಲಿ ಮಾತ್ರ ತಗ್ಗಿಸಿ, ತೊಡೆಯ ಅಡಿಯಲ್ಲಿ ಎತ್ತರ ಉಳಿಸಿ. ಉದ್ದ ತೊಡೆಗೆ ಅಡಿಯಲ್ಲಿ ಆಸರೆಯಿಲ್ಲದಿದ್ದರೆ ನೆಲ್ಯಾಡಿ ಮುಟ್ಟುವಷ್ಟರಲ್ಲಿ ಕಾಲು ಜೋಮು ಹಿಡಿಯುತ್ತದೆ.

ಸಾಲದಿದ್ದರೆ ಸೀಟಿನ ರೈಲು ತೆಗೆದು ನೇರವಾಗಿ ಕೂರಿಸಬಹುದು. ಬಾಕಿ: ಸೀಟು ಇನ್ನು ಹಿಂದೆ ಮುಂದೆ ಸರಿಯದು. ಐದಡಿಯ ಮನೆಯವರಿಗೆ ಪೆಡಲು ದೂರದ ಸಂಬಂಧಿಯಾಗುತ್ತದೆ. ಬೋಲ್ಟು ಬಿಚ್ಚುವ ಮೊದಲು ಅವರ ಒಪ್ಪಿಗೆ ಪಡೆಯಿರಿ, ಬಿಚ್ಚಿದ ಮೇಲೆ ಅಲ್ಲ.

ಎಚ್ಚರಿಕೆ: ಫೈಬರಿಗೆ ಬೋಲ್ಟು ಹೊಡೆದು ಬರೀ ವಾಷರ್ ಹಾಕಿದರೆ ಗಟ್ಟಿ ಬ್ರೇಕಿನಲ್ಲಿ ಅದು ನೆಲವನ್ನೇ ಹರಿದುಕೊಂಡು ಬರಬಹುದು. ಅಡಿಯಿಂದ ಅಂಗೈಯಗಲದ ಉಕ್ಕಿನ ತಗಡು ಕೊಡಿ. ಸಾಧ್ಯವಿದ್ದರೆ ಚಾಸಿಗೇ ಬ್ರಾಕೆಟ್ ಕಟ್ಟಿಸಿ. ಫೈಬರಿಗೆ ವೆಲ್ಡಿಂಗ್ ಮಾಡುತ್ತೇನೆ ಎನ್ನುವ ಮೆಕ್ಯಾನಿಕ್ಕಿಗೆ ಒಂದು ಚಾ ಕುಡಿಸಿ ಕಳುಹಿಸಿ.

ಹಂತ 3: ಬೆನ್ನು ಒರಗಿಸುವುದು

ಕುಳಿತಾಗ ಸೊಂಟದಿಂದ ನೆತ್ತಿಗೆ 90 ಸೆಂಟಿಮೀಟರ್ ಎಂದು ಹಿಡಿಯಿರಿ. ಬೆನ್ನನ್ನು 15 ಡಿಗ್ರಿಯಿಂದ 25 ಡಿಗ್ರಿಗೆ ಒರಗಿಸಿದರೆ ನೆತ್ತಿ ಸುಮಾರು 5 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಅಷ್ಟಕ್ಕೆ ಹಿಗ್ಗಬೇಡಿ: ಭುಜ ಸುಮಾರು 10 ಸೆಂಟಿಮೀಟರ್ ಹಿಂದೆ ಹೋಗಿರುತ್ತದೆ. ತಲೆ ಉಳಿಯಿತು, ಸ್ಟಿಯರಿಂಗ್ ಕೈ ಬಿಟ್ಟಿತು. ಹಿಂದಿನ ಸೀಟಿನಲ್ಲಿ ಇನ್ನು ಮುಂದೆ ಒಂದು ಮಗು ಅಥವಾ ಅಡಿಕೆಯ ಸಣ್ಣ ಚೀಲ, ಎರಡರಲ್ಲಿ ಒಂದು.

ಹಂತ 4: ಸ್ಟಿಯರಿಂಗ್

ದೂರ ಹೋದ ಚಕ್ರವನ್ನು ಹತ್ತಿರ ತರಲು ನಡುವೆ ಸ್ಪೇಸರ್ ಹಾಕಿಸಿ. ತೊಡೆಗೆ ತಾಗುವುದಾದರೆ ಸಣ್ಣ ಚಕ್ರ ಹುಡುಕಿ. ಅಂಗಡಿಯವ 15 ಇಂಚಿನದ್ದನ್ನು ತೆಗೆದು 13 ಇಂಚಿನದ್ದು ಹಾಕಿದರೆ ಎರಡು ಇಂಚು ಸಿಗುತ್ತದೆ ಎನ್ನುತ್ತಾನೆ. ತೊಡೆಗೆ ಸಿಗುವುದು ಒಂದೇ ಇಂಚು. ಇನ್ನೊಂದು ಮೇಲಿನ ಅಂಚಿಗೆ ಹೋಗುತ್ತದೆ, ಅಲ್ಲಿ ಅದು ಯಾರಿಗೂ ಬೇಡ. ಬಾಕಿ: ತಿರುಗಿಸಲು ಹೆಚ್ಚು ಬಲ ಬೇಕು. ಹಗುರ ಕಾರಾದ್ದರಿಂದ ಈ ಬಾಕಿ ಸಣ್ಣದು.

ಹಂತ 5: ಕಾಲು

ಪೆಡಲುಗಳು ಒತ್ತೊತ್ತಾಗಿವೆ. ದಪ್ಪ ಬೂಟಿನಲ್ಲಿ ಬ್ರೇಕ್ ಒತ್ತಿದರೆ ಆಕ್ಸಿಲರೇಟರೂ ಜೊತೆಗೆ ಹೊರಡುತ್ತದೆ. ತೆಳ್ಳನೆಯ, ಕಾಲಿಗೆ ಕಚ್ಚಿಕೊಳ್ಳುವ ಪಾದರಕ್ಷೆ ಹಾಕಿ. ಒದ್ದೆ ಹವಾಯಿ ಚಪ್ಪಲಿ ಬೇಡವೇ ಬೇಡ. ಅದು ಕ್ಲಚ್ಚಿನ ಅಡಿಗೆ ಹೋಗಿ ಕೂರಲು ಘಟ್ಟದ ತಿರುವನ್ನೇ ಆರಿಸುತ್ತದೆ.

ಹಂತ 6: ಕಣ್ಣು ಮತ್ತು ತಲೆ

ಉದ್ದದವರ ಕಣ್ಣಿನ ನೇರಕ್ಕೆ ಒಳಗಿನ ಕನ್ನಡಿ ಬರುತ್ತದೆ. ಎಡ ತಿರುವಿನಲ್ಲಿ ಎದುರಿನಿಂದ ಬರುವ ಟ್ಯಾಂಕರ್ ಸರಿಯಾಗಿ ಅದರ ಹಿಂದೆ ಅಡಗುತ್ತದೆ. ಕನ್ನಡಿಯನ್ನು ಮೇಲಕ್ಕೆ ಅಥವಾ ಪಕ್ಕಕ್ಕೆ ಸರಿಸಿ, ಸಣ್ಣದು ಹಾಕಿ. ಸೀಟಿನ ಬೆನ್ನು ನಿಮ್ಮ ಭುಜಕ್ಕೇ ಮುಗಿದರೆ ತಲೆಗೆ ಆಸರೆ ಬೇಕು; ಹಿಂದಿನಿಂದ ಗುದ್ದಿದಾಗ ಕುತ್ತಿಗೆಯನ್ನು ಉಳಿಸುವುದು ಅದೇ. ಸೀಟು ಸರಿದರೆ ಬೆಲ್ಟಿನ ದಾರಿಯೂ ಬದಲಾಗುತ್ತದೆ. ಅದು ಕುತ್ತಿಗೆಯ ಮೇಲಲ್ಲ, ಭುಜದ ನಡುವೆ ಹಾಯಬೇಕು. ಅದರ ಬೋಲ್ಟಿಗೂ ಹಂತ 2ರ ಎಚ್ಚರಿಕೆ ಅನ್ವಯಿಸುತ್ತದೆ.

ಪರೀಕ್ಷೆ: ತೋಟದ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಹಾಕಿಕೊಂಡು ಕುಳಿತುಕೊಳ್ಳಿ. ಹಾಳೆ ಮಾಡಿಗೆ ಉಜ್ಜಿ ಸದ್ದು ಮಾಡದಿದ್ದರೆ ಪಾಸು.

ಹಂತ 7: ಮಾಡು ಕತ್ತರಿಸುವುದು (ಮಾಡಬೇಡಿ)

ಫೋರ್ಡ್ ಜಿಟಿ40 ಎಂಬ ಕಾರಿಗೆ ಆ ಹೆಸರು ಬಂದದ್ದೇ ಅದರ 40 ಇಂಚಿನ ಎತ್ತರದಿಂದ. ಅದರ ನಾಲ್ಕನೆಯ ಅವತಾರವನ್ನು 1967ರ ಲೆ ಮಾನ್ಸ್ ರೇಸಿನಲ್ಲಿ ಓಡಿಸಬೇಕಾಗಿದ್ದ ಅಮೆರಿಕದ ಡ್ಯಾನ್ ಗರ್ನಿಗೆ ಆರಡಿಗೂ ಮಿಕ್ಕಿದ ಎತ್ತರ. ಹೆಲ್ಮೆಟ್ಟಿಗೆ ಜಾಗ ಸಾಲದೆ, ಕಾರಿನ ಮಾಡಿನಲ್ಲಿ ಅವನ ತಲೆಯ ಮೇಲೆ ಬರುವ ಕಡೆ ಒಂದು ಗುಬುಟು ಎಬ್ಬಿಸಿದರು. ಎ. ಜೆ. ಫಾಯ್ಟ್ ಜೊತೆ ಆತ ಆ ರೇಸು ಗೆದ್ದ. ಗುಬುಟು ಗರ್ನಿಯ ಹೆಸರಿನಲ್ಲಿಯೇ ಉಳಿಯಿತು.

ಇದನ್ನು ಓದಿ ಫೈಬರ್ ಕೆಲಸದವರ ಬಳಿ ಓಡಬೇಡಿ. ಗರ್ನಿಯ ಹಿಂದೆ ಫೋರ್ಡ್ ಕಂಪನಿ ಇತ್ತು. ನಿಮ್ಮ ಹಿಂದೆ ಪುತ್ತೂರಿನ ಆರ್‌ಟಿಒ ಇದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸ್ಪಂಜಿನ ವಿಷಯದಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಕ್ಕಿಲ್ಲ. ಮಾಡಿನ ಮೇಲೆ ಎದ್ದ ಗುಬುಟು ದೂರದಿಂದಲೇ ಕಾಣುತ್ತದೆ.

ಹಂತ 8: ಪರೀಕ್ಷಾ ಓಟ

ಎರಡು ನಿಮಿಷ ಕುಳಿತು ಆರಾಮ ಎನ್ನಬೇಡಿ. ಸೊಂಟ ದೂರು ಕೊಡಲು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಗುಂಡ್ಯದಿಂದ ಒಂದು ದಾರಿ ಸುಬ್ರಹ್ಮಣ್ಯಕ್ಕೆ, ಇನ್ನೊಂದು ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ. ಮೊದಲು ಸುಬ್ರಹ್ಮಣ್ಯದ ಕಡೆ ಹೋಗಿ: ತಿರುವಿದೆ, ಲಾರಿ ಕಡಿಮೆ, ಹರಕೆಯೂ ತೀರುತ್ತದೆ. ಅದರಲ್ಲಿ ಪಾಸಾದರೆ ಮಾತ್ರ ಶಿರಾಡಿ.

ಮಳೆಗಾಲದಲ್ಲಿ ಗುಡ್ಡ ಜರಿದು ಘಾಟಿ ಬ್ಲಾಕ್ ಆದರೆ ಅದನ್ನು ಅಂತಿಮ ಪರೀಕ್ಷೆ ಎಂದು ತಿಳಿಯಿರಿ. ನಿಮ್ಮ ಕಿಟಕಿಯ ಮಟ್ಟಕ್ಕೆ ಲಾರಿಯ ಚಕ್ರದ ನಟ್ಟುಗಳು, ಹೊರಗೆ ಜಡಿಮಳೆ, ಕಾಲು ಚಾಚಲು ಎಲ್ಲಿಯೂ ಜಾಗವಿಲ್ಲ. ಈ ಸ್ಥಿತಿಯಲ್ಲಿ ಒಂದು ಗಂಟೆ ಕುಳಿತು ಪಕ್ಕದ ಲಾರಿಯವನೊಡನೆ ನಗುತ್ತಾ ಮಾತನಾಡಲು ಸಾಧ್ಯವಾದರೆ ಕೆಲಸ ಸರಿಯಾಗಿದೆ.

ದೋಷ ಮತ್ತು ಪರಿಹಾರ

ಮೊಣಕೈಗೆ ಜಾಗವಿಲ್ಲ: ಕಿಟಕಿಯಿಂದ ಹೊರಗೆ ಹಾಕಬೇಡಿ. ಅಲ್ಲಿನ ಜಾಗ ಬಸ್ಸಿನದ್ದು.

ಇಳಿಯಲು ಆಗುವುದಿಲ್ಲ: ಮೊದಲು ಬಲಗಾಲು, ಆಮೇಲೆ ತಲೆ, ಕೊನೆಗೆ ಉಳಿದದ್ದು. ಹೋಟೆಲಿನ ಎದುರು ಅಭ್ಯಾಸ ಮಾಡಬೇಡಿ.

"ಎಂತ ಮಾರಾಯ್ರೆ, ಇದಕ್ಕಿಂತ ದೊಡ್ಡ ಕಾರು ಸಿಗಲಿಲ್ಲವಾ?": ಇದಕ್ಕೆ ಪರಿಹಾರವಿಲ್ಲ. ಅಭ್ಯಾಸವಾಗುತ್ತದೆ.

ಎಲ್ಲವನ್ನೂ ಮಾಡಿಯೂ ಮೊಣಕಾಲು ತಾಗುತ್ತಿದ್ದರೆ ಕಾರನ್ನು ಕೊಟ್ಟಿಗೆಯಲ್ಲಿ ಬಿಟ್ಟು ಹೆದ್ದಾರಿಗೆ ಬಂದು ಕೆಎಸ್‌ಆರ್‌ಟಿಸಿ ಬಸ್ಸಿಗೆ ಕೈ ಹಿಡಿಯಿರಿ. ಅಲ್ಲಿಯೂ ಮುಂದಿನ ಸೀಟು ಮೊಣಕಾಲಿಗೆ ತಾಗುತ್ತದೆ. ಆದರೆ ಸ್ಪ್ಯಾನರ್ ಹೊರಗೆ ತೆಗೆಯಬೇಡಿ. ಆ ಸೀಟಿನಲ್ಲಿ ಜನ ಕುಳಿತಿದ್ದಾರೆ.