ಜರ್ಮನಿ ವ್ಹಾಯಾ ರಾಯಬಾಗ

ನಮ್ಮ ಕಡೆ ಹುಡುಗನೊಬ್ಬನಿಗೆ ಪರದೇಶದ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದರೆ ಮೊದಲು ಬರುವುದು ರೊಕ್ಕವಲ್ಲ, ಬ್ಯಾನರು. ಚಿಕ್ಕೋಡಿಯಲ್ಲಾದರೆ ಕನ್ನಡದಲ್ಲಿ, ನಿಪ್ಪಾಣಿಯಲ್ಲಾದರೆ ಮರಾಠಿಯಲ್ಲಿ, ಕಾಗವಾಡದಲ್ಲಿ ಯಾರಿಗೂ ಬೇಜಾರಾಗಬಾರದೆಂದು ಎರಡರಲ್ಲೂ. ಹುಡುಗನ ಫೋಟೋ ಪಾಸ್‌ಪೋರ್ಟ್ ಅಳತೆಯದು. ಶುಭ ಕೋರುವವರ ಫೋಟೋಗಳು ಆಳೆತ್ತರದವು. ಬ್ಯಾನರಿನ ಹಿಂದೆಯೇ ಸತ್ಕಾರ ಬರುತ್ತದೆ. ಶಾಲು, ಫೇಟಾ, ತೆಂಗಿನಕಾಯಿ. ನನ್ನ ಅಕ್ಕನ ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮುಂದಿನ ಓದಿಗೆ ಆಯ್ಕೆಯಾದಾಗ, ಕಾಗವಾಡ ತಾಲೂಕಿನ ಅವರ ಮನೆಯ ಟ್ರಂಕಿನಲ್ಲಿ ಶಾಲುಗಳು ತುಂಬಿ, ಅಲ್ಲಿಯ ಚಳಿಗೆ ಕೋಟು ಕೊಳ್ಳುವ ಖರ್ಚು ಉಳಿಯಿತೆಂದು ಅಕ್ಕ ಲೆಕ್ಕ ಹಾಕಿದಳು. ಆದರೆ ಸಾಲಕ್ಕೆ ಜಾಮೀನಿನ ಒಂದು ಸಹಿ ಬೇಕು ಎಂದದ್ದೇ ತಡ, ಶಾಲು ಹೊದಿಸಿದ ಕೈಗಳೆಲ್ಲ ತಮ್ಮ ತಮ್ಮ ಶಾಲಿನೊಳಗೆ ಹೋದವು.

ಹುಡುಗನ ದೊಡ್ಡಪ್ಪನಿಗೆ ಲೆಕ್ಕ ತಿಳಿಸಿ ಹೇಳುವ ಹೊಣೆ ನಿವೃತ್ತ ಮಾಸ್ತರನಾದ ನನ್ನ ಮೇಲೆ ಬಿತ್ತು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಕಲಿಸುವುದಕ್ಕೆ ಫೀ ಇಲ್ಲ. ಆದರೆ ವೀಸಾ ಸಿಗಬೇಕಾದರೆ ಒಂದು ವರ್ಷದ ಊಟ-ವಸತಿಯ ಖರ್ಚೆಂದು 11,904 ಯೂರೋ ಮೊದಲೇ ಒಂದು ಖಾತೆಯಲ್ಲಿ ಇಟ್ಟು ತೋರಿಸಬೇಕು. ನಮ್ಮ ರೂಪಾಯಿಯಲ್ಲಿ ಹನ್ನೆರಡು ಲಕ್ಷದ ಆಸುಪಾಸು. ಆ ಖಾತೆಗೆ ಬೀಗ. ತಿಂಗಳಿಗೆ 992 ಯೂರೋ ಮಾತ್ರ ಬಿಡುತ್ತಾರೆ.

ದೊಡ್ಡಪ್ಪ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಅಂದರ ನಮ್ಮ ರೊಕ್ಕ ನಾವ ಒಯ್ದು ಕೊಟ್ಟು, ಮತ್ತ ತಿಂಗಳಾ ಅವರ ಮುಂದ ಕೈ ಒಡ್ಡೂದು?"

"ಹೌದ್ರಿ."

"ತಿಳೀತ ಬಿಡ್ರಿ ಮಾಸ್ತರ. ಕಬ್ಬಿನ ಬಿಲ್ಲು."

ಅಲ್ಲಿ ತಾರೀಖು ತಪ್ಪದೆ ಕೊಡುತ್ತಾರೆ ಎಂದೆ. ಅದನ್ನು ಮಾತ್ರ ಅವರು ನಂಬಲಿಲ್ಲ. ಕಬ್ಬು ಕಾರ್ಖಾನೆಗೆ ಮುಟ್ಟಿದ 14 ದಿನದೊಳಗೆ ಬಿಲ್ಲು ಕೊಡಬೇಕು, ತಪ್ಪಿದರೆ ನೂರಕ್ಕೆ 15ರಂತೆ ಬಡ್ಡಿ ಕಟ್ಟಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ದೊಡ್ಡಪ್ಪನಿಗೆ ಅದು ಬಾಯಿಪಾಠ. ಮದುವೆ ಮನೆಯಲ್ಲಿ, ಮಣ್ಣಿಗೆ ಹೋದಲ್ಲಿ, ಎಲ್ಲಿ ನಾಲ್ಕು ಜನ ಕೂತರೂ ಅದನ್ನು ಒಪ್ಪಿಸುತ್ತಾರೆ. ಎಣಿಸಲು ಬಿಲ್ಲು ಕೈಯಲ್ಲಿಲ್ಲದಾಗ ಮನುಷ್ಯ ದಿನಗಳನ್ನಾದರೂ ಎಣಿಸಬೇಕಲ್ಲ.

ಸ್ಕಾಲರ್‌ಶಿಪ್ಪುಗಳ ಬಾಗಿಲನ್ನೂ ಹುಡುಗ ತಟ್ಟದೇ ಇರಲಿಲ್ಲ. ಪರಿಶಿಷ್ಟರಿಗೆ ಪ್ರಬುದ್ಧ ಯೋಜನೆ ಇದೆ. ಉಳಿದವರಿಗೆ ಅವರವರ ನಿಗಮ, ಅವರವರ ಆದಾಯದ ಮಿತಿ. ಊರಿನವರೆಲ್ಲ "ಟಾಟಾದವರು ಕೊಡತಾರಂತ" ಎನ್ನುವ ಜೆ.ಎನ್. ಟಾಟಾ ಎಂಡೋಮೆಂಟು 1892ರಷ್ಟು ಹಳೆಯದು, ಆದರೆ ಅಲ್ಲಿ ಕೊಡುವುದೂ ತೀರಿಸಬೇಕಾದ ಸಾಲವನ್ನೇ. ಆ ಬಾಗಿಲುಗಳು ತೆರೆಯುವವರೆಗೆ ವೀಸಾದ ತಾರೀಖು ಕಾಯುವಂತಿರಲಿಲ್ಲ. ಉಳಿದದ್ದು ಬ್ಯಾಂಕು.

ಚಿಕ್ಕೋಡಿಯ ಒಂದು ಬ್ಯಾಂಕಿನ ಮ್ಯಾನೇಜರು ಬೆಂಗಳೂರು ಕಡೆಯ ಹುಡುಗ, ಮಾತು ಬಲು ಮೆದು. ಏಳೂವರೆ ಲಕ್ಷದವರೆಗೆ ಅಡಮಾನ ಬೇಡ, ತಂದೆಯ ಸಹಿ ಸಾಕು. ಅದರ ಮೇಲೆ ಬೇಕಾದರೆ "ಆಸ್ತಿಯ ಕಾಗದ ಪತ್ರ ತಗೊಂಡು ಬನ್ನಿ ಸರ್" ಎಂದ. ಆಸ್ತಿ ಅಂದರೆ ನಮಗೆ ಹೊಲ. ಹೊಲ ಅಂದರೆ ಉತಾರ, ಅಂದರೆ ಪಹಣಿ. ಉತಾರ ತೆಗೆಸಿ ನೋಡಿದರೆ ಅದರಲ್ಲಿ ಇನ್ನೂ ಅಜ್ಜನೇ ಬದುಕಿದ್ದ.

ಅಜ್ಜ ತೀರಿ ಇಪ್ಪತ್ತು ವರ್ಷವಾಗಿತ್ತು. ವಾರಸಾ ಆಗಿರಲಿಲ್ಲ, ಏಕೆಂದರೆ ಮೂವರು ಅಣ್ಣತಮ್ಮಂದಿರಿಗೂ ಬಾವಿಯ ನೀರಿನ ಪಾಳಿಯ ಮೇಲೆ ಜಗಳ. ಕಾಗವಾಡವೇ ಅಥಣಿ ತಾಲೂಕಿನಲ್ಲಿದ್ದ ಕಾಲದಲ್ಲಿ ಹೂಡಿದ ದಾವೆ, ಕಾಗವಾಡ ಬೇರೆ ತಾಲೂಕಾದ ಮೇಲೂ ಅಥಣಿಯಲ್ಲೇ ನಡೆದಿತ್ತು. ಅಂದರೆ ಹುಡುಗ ಜರ್ಮನಿಗೆ ಹೋಗಬೇಕಾದರೆ ಮೊದಲು ಅವನ ಅಪ್ಪ, ದೊಡ್ಡಪ್ಪ, ಕಾಕಾ ಒಂದು ಜಮಖಾನೆಯ ಮೇಲೆ ಕೂಡಬೇಕು. ವೀಸಾ ಅದಕ್ಕಿಂತ ಸಸಾರ.

ದೊಡ್ಡಪ್ಪ ಒಪ್ಪಿದರು. ಬ್ಯಾನರಿನಲ್ಲಿ ಅವರ ಫೋಟೋವೂ ಇತ್ತಲ್ಲ, ಒಪ್ಪದೆ ಏನು ಮಾಡಿಯಾರು. ಕಾಕಾ ಇರುವುದು ನಿಪ್ಪಾಣಿಯಲ್ಲಿ, ಬೀಡಿ ತಂಬಾಕಿನ ವ್ಯಾಪಾರ. ಅವರ ವಖಾರದೊಳಗೆ ಕಾಲಿಟ್ಟರೆ ಮೊದಲು ನಾಲ್ಕು ಸೀನು, ಆಮೇಲೆ ಮಾತು. ಊರು ಬಿಟ್ಟ ಮೇಲೆ ಒಂದು ದಿನವೂ ಹೊಲಕ್ಕೆ ನೀರು ಹಾಯಿಸಿದವರಲ್ಲ. ಕಾಗದ ಓದಿದರು, ಚಸ್ಮಾ ತೆಗೆದರು, ಮತ್ತೆ ಹಾಕಿಕೊಂಡು ಓದಿದರು. "ಸಹಿ ಮಾಡತೀನಿ. ಹುಡುಗನ ಶಿಕ್ಷಣಕ್ಕ ನಾ ಆಡ ಬರಾಂವಲ್ಲ. ಆದರ ಮಂಗಳವಾರದ ಪಾಳಿ ನಂದು." ಮಂಗಳವಾರ ನಿಪ್ಪಾಣಿಯಿಂದ ಬಂದು ನೀರು ಹಾಯಿಸುವವರು ಯಾರು ಎಂದು ಯಾರೂ ಕೇಳಲಿಲ್ಲ. ಮಂಗಳವಾರ ಅವರಿಗೆ ಸೇರಿತು.

ಅಥಣಿಯಲ್ಲಿ ರಾಜಿಯ ಸುದ್ದಿ ಕೇಳಿ ವಕೀಲರು "ಇಷ್ಟ ದಿವಸ ಚಲೋ ನಡದಿತ್ತಲ್ಲರಿ" ಎಂದು ನೊಂದುಕೊಂಡರು. ಆದರೂ ದೊಡ್ಡ ಮನಸ್ಸಿನವರು, ಹುಡುಗನಿಗೆ ಒಂದು ಜೋಡಿ ಅಥಣಿ ಚಪ್ಪಲಿ ಕೊಡಿಸಿದರು. ಅದು ಅವನಿಗೆ ಬಂದ ಎಷ್ಟನೆಯ ಜೋಡಿಯೋ. ಅಥಣಿಯಲ್ಲೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ನಮ್ಮ ನಾಲ್ಕು ಜಿಲ್ಲೆಗಳಿವೆ. 2025ರ ಜೂನಿನಲ್ಲಿ ಅದೇ ಮಾದರಿಯ ಚಪ್ಪಲಿ ಪ್ರಾಡಾ ಕಂಪನಿಯ ಮೆರವಣಿಗೆಯಲ್ಲಿ ಮಿಲಾನಿನ ವೇದಿಕೆ ಏರಿ ಗದ್ದಲವಾಯಿತಲ್ಲ, ಆಗ ಹುಡುಗ ತಹಶೀಲ್ದಾರ ಕಚೇರಿಯ ಪಾಳಿಯಲ್ಲಿ ನಿಂತಿದ್ದ. ಚಪ್ಪಲಿ ಅವನಿಗಿಂತ ಮೊದಲು ಯುರೋಪು ಮುಟ್ಟಿತು. ಜಾಮೀನು ಕೇಳಿದವರಿಲ್ಲ.

ಉಳಿದವಳು ರಾಯಬಾಗದ ಅತ್ತಿ, ಹುಡುಗನ ಅಪ್ಪನ ತಂಗಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಹೆಣ್ಣುಮಗಳ ಸಹಿ ಇಲ್ಲದೆ ಕಾಗದ ಮುಂದೆ ಸರಿಯುವುದಿಲ್ಲ. ಅಣ್ಣಂದಿರಿಗೆ ಇದು ಹೊಸ ಸಮಾಚಾರ, ಅವಳಿಗಲ್ಲ. "ಪಂಚಮಿಗೆ ಕರಿಯಾಕ ಯಾರೂ ಬರಲಿಲ್ಲ. ಸಹಿ ಬೇಕಾದ ಕೂಡಲೆ ತಂಗಿ ನೆನಪಾದಳ ನೋಡ" ಎಂದು ಅಕ್ಕಿ ಆರಿಸುತ್ತಲೇ ಅಂದಳು. ಮೊರದಲ್ಲಿ ಕಲ್ಲಿರಲಿಲ್ಲ, ಆದರೂ ಆರಿಸುವುದು ಮುಗಿಯಲಿಲ್ಲ. ನಾನು ಮಾತು ತೇಲಿಸಲು ಇತಿಹಾಸಕ್ಕೆ ಕೈಹಾಕಿದೆ. ಮಾಸ್ತರರಿಗೆ ಬೇರೆ ಆಯುಧ ಏನಿರುತ್ತದೆ?

ಈ ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದಾಗಿತ್ತು, ಅಂಬೇಡ್ಕರರ ಪರದೇಶದ ಓದಿಗೆ ಆ ಸಂಸ್ಥಾನದ ಮಹಾರಾಜರೂ ನೆರವಾಗಿದ್ದರು ಎಂದೆ. ಅಂಬೇಡ್ಕರರು ಮೊದಲು 1913ರಲ್ಲಿ ಅಮೆರಿಕಕ್ಕೆ ಹೋದದ್ದು ಬರೋಡೆಯ ಸಯಾಜಿರಾವ್ ಮಹಾರಾಜರು ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿವೇತನದ ಮೇಲೆ. ಅದಕ್ಕೂ ಹತ್ತು ವರ್ಷ ಚಾಕರಿಯ ಕರಾರು ಇತ್ತು. ಲಂಡನ್ನಿನ ಓದು ಅರ್ಧಕ್ಕೆ ನಿಂತು ಮತ್ತೆ 1920ರಲ್ಲಿ ಹೊರಟಾಗ, ಸಿಡೆನ್‌ಹ್ಯಾಮ್ ಕಾಲೇಜಿನ ಪಗಾರದಲ್ಲಿ ಉಳಿಸಿದ್ದು ಒಂದಿಷ್ಟು, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು ಒಂದಿಷ್ಟು, ಗೆಳೆಯ ನವಲ್ ಭಥೇನಾ ಕೊಟ್ಟ 5,000 ರೂಪಾಯಿ ಸಾಲ. ಆ ಅಂಬೇಡ್ಕರರೇ ಮುಂದೆ 1925ರಲ್ಲಿ ನಿಪ್ಪಾಣಿಗೆ ಬಂದು ಒಂದು ಪರಿಷತ್ತಿನಲ್ಲಿ ಮಾತಾಡಿದ್ದು.

ಅತ್ತಿಯ ಕೈ ಮೊರದಲ್ಲಿ ನಿಂತಿತು. "ಅಂದರ ಅಂಥಾವರೂ ಕೈಗಡಾ ತಗೊಂಡ ಓದಿದ್ರ?"

"ಹೌದವ್ವಾ."

ಸಹಿ ಹಾಕಿದಳು. ಮತ್ತೇನೂ ಅನ್ನಲಿಲ್ಲ.

ಹೀಗೆ ಉತಾರ ಸ್ವಚ್ಛವಾಯಿತು. ಅಜ್ಜ ಕಡೆಗೂ ಸರ್ಕಾರಿ ದಾಖಲೆಯಲ್ಲಿ ತೀರಿಕೊಂಡ, ನಾಲ್ವರ ಹೆಸರು ಏರಿತು. ಎಲ್ಲರೂ ಇಸ್ತ್ರಿ ಅಂಗಿ ತೊಟ್ಟು ಚಿಕ್ಕೋಡಿಯ ಬ್ಯಾಂಕಿಗೆ ಹೋದೆವು. ಮ್ಯಾನೇಜರು ಕಾಗದಗಳನ್ನು ಒಂದೊಂದಾಗಿ ತಿರುವಿ, ಇಷ್ಟು ಅಚ್ಚುಕಟ್ಟಾದ ದಾಖಲೆ ತಾನು ಈ ಶಾಖೆಯಲ್ಲಿ ನೋಡಿಲ್ಲವೆಂದು ಹೊಗಳಿ, "ಆದ್ರೆ ಸರ್, ಇದು ಕೃಷಿ ಜಮೀನು. ಸಾಲ ಮುಳುಗಿದ್ರೆ ವಸೂಲಿ ಕಾನೂನು ಕೃಷಿ ಜಮೀನಿಗೆ ಬರಲ್ಲ. ಎನ್.ಎ., ಅಂದ್ರೆ ಕೃಷಿಯೇತರ ಪ್ಲಾಟ್ ಇದ್ರೆ ಹೇಳಿ" ಎಂದ.

ಕಬ್ಬು ಬೆಳೆಯುವ ಐದೆಕರೆ ಕರಿಮಣ್ಣು ನಡೆಯುವುದಿಲ್ಲ. ಜಾಲಿ ಬೆಳೆದ ಎರಡು ಗುಂಟೆ ಪ್ಲಾಟು ನಡೆಯುತ್ತದೆ. ದೊಡ್ಡಪ್ಪ ಬಹಳ ಹೊತ್ತು ಮ್ಯಾನೇಜರನ ಹಿಂದಿನ ಗೋಡೆಯ ಮೇಲಿದ್ದ ಟ್ರ್ಯಾಕ್ಟರ್ ಸಾಲದ ಚಿತ್ರವನ್ನೇ ನೋಡುತ್ತ ಕೂತಿದ್ದರು. ಅದರಲ್ಲಿ ಒಬ್ಬ ರೈತ ನಗುತ್ತಿದ್ದ.

ಏಳೂವರೆ ಲಕ್ಷವೇನೋ ಮಂಜೂರಾಯಿತು. ಉಳಿದದ್ದು? ಮರುವಾರ ರಾಯಬಾಗದಿಂದ ಅತ್ತಿ ಬಸ್ಸಿಳಿದು ಬಂದಳು, ಸೆರಗಿನ ಗಂಟಿನಲ್ಲಿ ಪಾಟಲಿ, ಬಿಲ್ವರ. ಜೊತೆಗೆ ಹೆಣ್ಣುಮಕ್ಕಳ ಭಿಶಿ ಚೀಟಿಯಲ್ಲಿ ಅವಳ ಪಾಳಿಗೆ ಎತ್ತಿದ ರೊಕ್ಕ. ಬಂಗಾರ ಸೊಸೈಟಿಯಲ್ಲಿ ಇಟ್ಟಾಗ ಅರ್ಧ ತಾಸಿನಲ್ಲಿ ಕೆಲಸ ಮುಗಿಯಿತು. ಬಂಗಾರಕ್ಕೆ ಉತಾರ ಇಲ್ಲ, ವಾರಸಾ ಇಲ್ಲ, ಎನ್.ಎ. ಇಲ್ಲ. "ಪಂಚಮಿಗೆ ಕರಿಯಾಕ ಬರ್ರಿ ಅಷ್ಟ" ಎಂದು ಅಣ್ಣಂದಿರಿಗೆ ಹೇಳಿ, ಚಹಾ ಕುಡಿದು, ಸಂಜೆಯ ಬಸ್ಸಿಗೇ ಹೋದಳು. ಅವಳಿಗೆ ಯಾರೂ ಬ್ಯಾನರು ಹಾಕಿಸಲಿಲ್ಲ, ಶಾಲೂ ಹೊದಿಸಲಿಲ್ಲ.

ಹುಡುಗ ಹೋದ. ಅಕ್ಟೋಬರಿನಲ್ಲಿ ವಿಡಿಯೋ ಕಾಲ್ ಮಾಡಿ, ಬಸ್ಸಿನ ಕಿಟಕಿಯಿಂದ ಹೊಲದ ಬದುವಿನಲ್ಲಿ ಗುಡ್ಡೆ ಹಾಕಿದ್ದನ್ನು ತೋರಿಸಿದ. ಮಣ್ಣು ಮೆತ್ತಿದ ಗಡ್ಡೆಗಳು. ಅಲ್ಲಿ ಸಕ್ಕರೆ ಮಾಡುವುದು ಬೀಟಿನಿಂದ, ಈ ಸೀಮೆಯ ಸುತ್ತ ಅದರದೇ ಬೇಸಾಯ, ಈಗ ಕಾರ್ಖಾನೆಗಳ ಹಂಗಾಮು ಎಂದು ವಿವರಿಸಿದ. ದೊಡ್ಡಪ್ಪ ಫೋನು ಕಸಿದುಕೊಂಡರು. ಚಳಿ ಹೇಗಿದೆ, ಊಟ ಏನು, ಓದು ನಡೆದಿದೆಯೋ ಎಂದು ಒಂದೂ ಕೇಳಲಿಲ್ಲ.

"ಲೇ ತಮ್ಮಾ, ಅಲ್ಲಿ ರೈತರಿಗೆ ಬಿಲ್ಲು ಎಷ್ಟ ದಿವಸಕ್ಕ ಆಗತೈತಿ, ಮೊದಲ ಅದನ್ನ ಕೇಳಿ ಹೇಳ."