ಜಿಮ್ಮಾದಲ್ಲೊಂದು ರಜೆ ಅರ್ಜಿ

ಕೊಡಗಿನಲ್ಲಿ ಯಾರ ಮನೆಯ ಜಗಲಿ ಹತ್ತಿದರೂ ಗೋಡೆಯ ಮೇಲೆ ಒಬ್ಬರಾದರೂ ಟೋಪಿ, ಪದಕ, ಮೀಸೆ ಸಮೇತ ನಮ್ಮನ್ನು ದಿಟ್ಟಿಸುತ್ತಿರುತ್ತಾರೆ. ಊರು ಬಿಟ್ಟು ದೂರ ಹೋಗುವುದಾದರೆ ಹಾಗೆ ಹೋಗಬೇಕು ಎಂಬುದು ಇಲ್ಲಿಯ ಅಲಿಖಿತ ನಿಯಮ. ಕೋವಿ ಹಿಡಿದು ಹೋದವರನ್ನು ಕಂಡು ಅಭ್ಯಾಸವಾದ ಊರಿಗೆ ಸೀಮೆಸುಣ್ಣ ಹಿಡಿದು ಹೊರಟವರೆಂದರೆ ಕೊಂಚ ಸಸಾರ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ನಮ್ಮ ಚಿಕ್ಕಪ್ಪ, ಸ್ಕೂಲು ಟೀಚರಾಗಿದ್ದ ಚಿಕ್ಕಮ್ಮನನ್ನೂ ಕರೆದುಕೊಂಡು 2006ರಲ್ಲಿ ಇಥಿಯೋಪಿಯಾಕ್ಕೆ ಹೊರಟಾಗ ಸೋಮವಾರಪೇಟೆ ಅವರನ್ನು ಅನುಮಾನದಿಂದಲೇ ಬೀಳ್ಕೊಟ್ಟಿತು. ಪಕ್ಕದ ತೋಟದ ಹಿರಿಯರೊಬ್ಬರಂತೂ ನೇರವಾಗಿಯೇ ಕೇಳಿದರು: “ಅಲ್ಲಪ್ಪಾ ಮೇಷ್ಟ್ರೇ, ಇಂಗ್ಲಿಷ್ ಕಲಿಸೋದಕ್ಕೆ ಇಂಗ್ಲಿಷಿನವರು ಹೋಗ್ಬೇಕು. ನೀವ್ಯಾಕೆ?”

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದೇ ನ್ಯಾಯ ಹಿಡಿದರೆ ಕೊಡಗಿಗೆ ಇಂಗ್ಲಿಷ್ ಬರುವುದೇ ಕಷ್ಟವಿತ್ತು. 1834ರಲ್ಲಿ ಕೊಡಗನ್ನು ಕೈಗೆ ತೆಗೆದುಕೊಂಡವರು ಇಂಗ್ಲಿಷರು, ನಿಜ. ಪಾಠ ಹೇಳುವ ಕೆಲಸಕ್ಕೆ ಗಟ್ಟಿಯಾಗಿ ಕೂತವರಲ್ಲಿ ಜರ್ಮನ್ನರಿದ್ದರು. ಮಂಗಳೂರಿನಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಹತ್ತು ವರ್ಷದ ನಂತರ ಘಟ್ಟ ಹತ್ತಿ ಇಲ್ಲಿಗೆ ಬಂದರು. ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಕಾಲವಾದ ಗೆಳೆಯ ವೈಗ್ಲೆಯ ಪತ್ನಿ ಪೌಲಿನಾರನ್ನು ಮದುವೆಯಾದರು. 1860ರಲ್ಲಿ ಗಂಡಹೆಂಡಿರು ಜರ್ಮನಿಗೆ ಮರಳಿದರು. ಆಮೇಲೆ ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಸ್ಕೂಲಿನ ಪ್ರಿನ್ಸಿಪಾಲರಾಗಿದ್ದವರು ರಿಕ್ಟರ್ ಎಂಬ ಇನ್ನೊಬ್ಬ ಬಾಸೆಲ್ ಮಿಶನ್ ಪಾದ್ರಿ. 1870ರಲ್ಲಿ ಅವರು ಬರೆದ ಕೊಡಗಿನ ಮ್ಯಾನ್ಯುಯಲ್ಲನ್ನು ಈಗಲೂ ಜನ ತಿರುವಿ ಹಾಕುತ್ತಾರೆ. ಜರ್ಮನ್ ಮೇಷ್ಟರ ಬಾಯಿಂದ ಕೊಡಗಿನ ಹುಡುಗರ ಕಿವಿಗೆ ಬಿದ್ದ ಇಂಗ್ಲಿಷ್ ಹೇಗಿತ್ತೋ ಯಾರು ಕಂಡರು! ಮಡಿಕೇರಿಯ ಸೆಂಟ್ರಲ್ ಸ್ಕೂಲಿನಲ್ಲೇ 1917ರವರೆಗೆ ಓದಿದ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಮುಂದೆ ಇಂಗ್ಲಿಷ್ ಅಧಿಕಾರಿಗಳಿಗೆ ಸರಿಸಾಟಿಯಾಗಿ ಇಂಗ್ಲಿಷ್ ಆಡಿದರು. ಅಧಿಕಾರಿಯೊಬ್ಬನ ಹೆಂಡತಿಗೆ ಮಾತ್ರ ‘ಕಾರ್ಯಪ್ಪ’ ಎನ್ನಲು ನಾಲಗೆ ಹೊರಳದೆ, ಆಕೆ ‘ಕಿಪ್ಪರ್’ ಎಂದುಬಿಟ್ಟಳಂತೆ. ಅದೇ ಹೆಸರು ಅವರಿಗೆ ಕೊನೆಯವರೆಗೂ ಅಂಟಿತು. ಯಾರು ಯಾರಿಗೆ ಉಚ್ಚಾರ ಕಲಿಸಬೇಕಿತ್ತು ಎಂದು ನೀವೇ ತೀರ್ಮಾನಿಸಿ.

ಚಿಕ್ಕಪ್ಪ ಹಿರಿಯರಿಗೆ ಇಷ್ಟೆಲ್ಲ ಹೇಳಲಿಲ್ಲ. “ಸಂಬಳ ಡಾಲರಿನಲ್ಲಿ ಕೊಡ್ತಾರಂತೆ” ಎಂದರು. ಹಿರಿಯರಿಗೆ ಒಪ್ಪಿಗೆಯಾಯಿತು.

ಭಾರತದ ಮೇಷ್ಟರುಗಳಿಗೆ ಇಥಿಯೋಪಿಯಾದ ದಾರಿ ಹೊಸದಲ್ಲ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಿಂದಲೂ ಅಲ್ಲಿನ ಶಾಲೆಗಳಲ್ಲಿ ನಮ್ಮವರು, ಅದರಲ್ಲೂ ಕೇರಳದವರು, ತುಂಬಿದ್ದರು. 1956ರಲ್ಲಿ ಭಾರತಕ್ಕೆ ಬಂದ ಚಕ್ರವರ್ತಿ, ಕೇರಳದಲ್ಲಿ ಸಾಲುಗಟ್ಟಿ ಶಾಲೆಗೆ ಹೋಗುವ ಮಕ್ಕಳನ್ನು ನೋಡಿ ‘ಮೇಷ್ಟರು ಬೇಕಾದರೆ ಇಲ್ಲಿಂದಲೇ’ ಎಂದು ನಿಶ್ಚಯಿಸಿದರು ಎಂಬ ಮಾತಿದೆ. ಈ ಶತಮಾನದಲ್ಲಿ ಅಲ್ಲಿ ಹೊಸ ಹೊಸ ವಿಶ್ವವಿದ್ಯಾಲಯಗಳು ಶುರುವಾದಾಗ ಮತ್ತೆ ನಮ್ಮವರಿಗೆ ಕರೆ ಬಂತು. ಚಿಕ್ಕಪ್ಪನಿಗೆ ಬಿದ್ದದ್ದು ಜಿಮ್ಮಾ. ರಾಜಧಾನಿ ಅಡಿಸ್ ಅಬಾಬಾದಿಂದ ಸುಮಾರು 350 ಕಿಲೋಮೀಟರು ದೂರ, ಮಳೆ, ಮಂಜು, ಸುತ್ತ ಕಾಫಿ. ಅರೇಬಿಕಾ ಕಾಫಿ ಕಾಡಿನಲ್ಲಿ ತಾನೇ ತಾನಾಗಿ ಹುಟ್ಟಿದ್ದು ಆ ಸೀಮೆಯಲ್ಲೇ. ವಿಮಾನ ಹತ್ತಿ ಸಮುದ್ರ ದಾಟಿ ಹೋಗಿ ಇಳಿದರೆ ಎದುರಿಗೆ ಮತ್ತೆ ಸೋಮವಾರಪೇಟೆಯೇ ನಿಂತಿದೆ ಎಂದು ಚಿಕ್ಕಮ್ಮನಿಗೆ ಮೊದಲು ಬೇಜಾರಾಯಿತಂತೆ.

ಬೇಜಾರು ಕಳೆದದ್ದು ಕಚೇರಿಯಲ್ಲಿ. ಆ ದೇಶದಲ್ಲಿ ಮನೆತನದ ಹೆಸರು ಎಂಬುದಿಲ್ಲ. ತನ್ನ ಹೆಸರಾದ ಮೇಲೆ ಬರುವುದು ಅಪ್ಪನ ಹೆಸರು. ಮದುವೆಯಾದರೂ ಹೆಣ್ಣುಮಕ್ಕಳ ಹೆಸರು ಬದಲಾಗುವುದಿಲ್ಲ. ಚಿಕ್ಕಮ್ಮನ ಪಾಸ್‌ಪೋರ್ಟಿನಲ್ಲಿ ಅವರ ಹೆಸರಿನ ಜೊತೆ ಚಿಕ್ಕಪ್ಪನ ಹೆಸರಿತ್ತು. ಗುಮಾಸ್ತೆ ಅದನ್ನು ನೋಡಿ, ಪಕ್ಕದಲ್ಲಿ ನಿಂತ ಬಿಳಿ ತಲೆಯನ್ನೂ ನೋಡಿ, ವಿನಯದಿಂದ “ತಂದೆಯವರು ಇಲ್ಲಿ ಸಹಿ ಹಾಕಲಿ” ಎಂದಳು. ಚಿಕ್ಕಮ್ಮ ತಿದ್ದಲು ಹೋಗಲಿಲ್ಲ. “ಹಾಕಿ, ಹಾಕಿ, ಹೊತ್ತಾಯ್ತು” ಎಂದು ಪೆನ್ನು ಕೈಗಿಟ್ಟರು.

ವಯಸ್ಸು ಅಲ್ಲಿ ಹೇಗೂ ಹಿಂದಕ್ಕೆ ಸರಿಯುತ್ತದೆ. ಅವರ ಪಂಚಾಂಗ ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ. 2007ರ ಸೆಪ್ಟೆಂಬರ್ 12ರಂದು ಅಲ್ಲಿ 2000ನೇ ಇಸವಿ ಹುಟ್ಟಿತು. ಒಮ್ಮೆ ಸೋಮವಾರಪೇಟೆಯಲ್ಲಿ ಸ್ವಾಗತಿಸಿದ ಸಹಸ್ರಮಾನವನ್ನು ಚಿಕ್ಕಪ್ಪ ಚಿಕ್ಕಮ್ಮ ಇನ್ನೊಮ್ಮೆ ಸ್ವಾಗತಿಸಿದರು. ವರ್ಷಕ್ಕೆ ಹದಿಮೂರು ತಿಂಗಳು; ಹದಿಮೂರನೆಯದು ಐದೋ ಆರೋ ದಿನದ ಮರಿ ತಿಂಗಳು. ಆ ತಿಂಗಳ ಸಂಬಳ ಬೇರೆ ಉಂಟೋ ಎಂದು ಚಿಕ್ಕಮ್ಮ ವಿಚಾರಿಸಿದರು. ಇರಲಿಲ್ಲ. ಗಡಿಯಾರವೂ ನಮ್ಮ ಹಳೇ ಘಳಿಗೆ ಲೆಕ್ಕದ ಹಾಗೆ ಸೂರ್ಯ ಹುಟ್ಟುವುದರಿಂದ ಶುರು. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ಅಡುಗೆಮನೆಯಲ್ಲಿ ಅವರ ಗಡಿಯಾರ, ನಡುಮನೆಯಲ್ಲಿ ಕಾಲೇಜಿನ ಗಡಿಯಾರ, ಮಂಚದ ಪಕ್ಕ ಎರಡೂವರೆ ಗಂಟೆ ಮುಂದಿರುವ ಊರಿನ ಗಡಿಯಾರ. ಮೂರಕ್ಕೂ ಕೀ ಕೊಡುವುದು ಚಿಕ್ಕಪ್ಪನ ಬೆಳಗಿನ ಕೆಲಸ.

ಊಟದ ಮಾತಿಗೆ ಬಂದರೆ, ಇಬ್ಬರೂ ಮೊಟ್ಟೆ ಕೂಡ ಮುಟ್ಟದ ಲಿಂಗಾಯತರು. ಅವರನ್ನು ಕಾಪಾಡಿದ್ದು ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರ ಉಪವಾಸ. ಬುಧವಾರ, ಶುಕ್ರವಾರ ಮಾಂಸ, ಹಾಲು, ಬೆಣ್ಣೆ ಯಾವುದೂ ಇಲ್ಲ. ಈಸ್ಟರಿಗೆ ಮುಂಚೆ 55 ದಿನ ಸತತ. ಆಗ ಹೋಟೆಲಿನಲ್ಲಿ ಇಂಜೆರಾ ಎಂಬ ಹುಳಿಬಂದ ದೋಸೆಯ ಮೇಲೆ ಬೇಳೆ, ಸೊಪ್ಪು, ಕಡಲೆಹಿಟ್ಟಿನ ಗೊಜ್ಜು, ಬಣ್ಣಬಣ್ಣವಾಗಿ ಬಡಿಸಿ ತರುತ್ತಾರೆ. ಊರಿಗೆ ಊರೇ ಉಪವಾಸ ಕೂತಾಗ ಇವರಿಬ್ಬರಿಗೆ ಹಬ್ಬ. ಊರಿಗೆ ಹಬ್ಬ ಬಂದರೆ ಇವರಿಗೆ ಉಪವಾಸ. ಒಂದು ದಿನ ಸಂತೆಯಲ್ಲಿ ಚಿಕ್ಕಮ್ಮನಿಗೆ ರಾಗಿ ಕಂಡಿತು. ಅಲ್ಲಿ ‘ದಗುಸಾ’ ಎನ್ನುತ್ತಾರೆ. ರಾಗಿಯ ತವರೂ ಆಫ್ರಿಕಾದ ಎತ್ತರದ ಸೀಮೆಯೇ ಅಲ್ಲವೇ. ಖುಷಿಗೆ ಐದು ಕಿಲೋ ಅಳೆಯಿರಿ ಎಂದದ್ದೇ ತಡ, ಮಾರುವಾಕೆ ಇವರನ್ನು ಮೇಲಿಂದ ಕೆಳಗೆ ನೋಡಿ ಕಣ್ಣು ಮಿಟುಕಿಸಿದಳು. ಅಲ್ಲಿ ರಾಗಿಯಿಂದ ನಾಡ ಬಿಯರು ಕಾಯಿಸುತ್ತಾರೆ ಎಂದು ಆಮೇಲೆ ತಿಳಿಯಿತು. ಟೀಚರಮ್ಮ ಮನೆಯಲ್ಲಿ ಬಟ್ಟಿ ಇಟ್ಟಿದ್ದಾರೆ ಎಂಬ ಸುದ್ದಿ ಮುದ್ದೆ ತೊಳಸುವ ಮೊದಲೇ ಬೀದಿಯಲ್ಲಿ ಹರಡಿತ್ತು.

ಕಾಫಿಯದು ಇನ್ನೊಂದು ಕತೆ. ಚಿಕ್ಕಪ್ಪ ಊರಿನಿಂದ ಫಿಲ್ಟರನ್ನೂ ಕಾಫಿಪುಡಿಯನ್ನೂ ಒಯ್ದಿದ್ದರು. ಅರೇಬಿಕಾದ ತವರಿಗೆ ಚಿಕೋರಿ ಬೆರೆಸಿದ ಪುಡಿ! ಮನೆ ಒಡತಿ ಅದನ್ನು ಮೂಸಿ, ಇದರಲ್ಲಿ ಏನಿದೆ ಎಂದು ಕೇಳಿದಳು. ನಮ್ಮ ಕಾನೂನು ನೂರಕ್ಕೆ 49 ಭಾಗದವರೆಗೆ ಚಿಕೋರಿಗೆ ಅವಕಾಶ ಕೊಟ್ಟಿದೆ ಎಂದು ಚಿಕ್ಕಪ್ಪ ವಿವರಿಸಿದಾಗ, ಕಾಫಿ ಬೆಳೆಯುವವರು ನೀವೇ ಹೀಗೆ ಮಾಡುತ್ತೀರಾ ಎಂದು ಆಕೆ ಮರುಗಿದಳು. ಅಂದಿನಿಂದ ಮಧ್ಯಾಹ್ನ ಇಬ್ಬರಿಗೂ ಆಕೆಯ ಮನೆಯಲ್ಲೇ ಕಾಫಿ. ನೆಲಕ್ಕೆ ಹಸಿ ಹುಲ್ಲು ಹಾಸಿ, ಸಾಂಬ್ರಾಣಿ ಹಾಕಿ, ಕಣ್ಣೆದುರೇ ಬೀಜ ಹುರಿದು, ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ ಹಿಡಿಗಾತ್ರದ ಬಟ್ಟಲಿಗೆ ಬಗ್ಗಿಸುವುದು. ಜೊತೆಗೆ ಜೋಳದ ಅರಳು. ಅಬೋಲ್, ತೋನಾ, ಬರಕಾ ಎಂದು ಮೂರು ಸುತ್ತು. ಮೂರನೆಯದಕ್ಕೆ ಮೊದಲು ಎದ್ದರೆ ಮರ್ಯಾದೆಯಲ್ಲ. ಇಷ್ಟೆಲ್ಲ ಆಗಲು ಒಂದು ಗಂಟೆಯ ಮೇಲೆಯೇ ಬೇಕು.

ಚಿಕ್ಕಮ್ಮನ ನಿಜವಾದ ಇಂಗ್ಲಿಷ್ ಕ್ಲಾಸು ನಡೆದದ್ದು ಅಲ್ಲಿ. ಬೀದಿಯ ಹುಡುಗಿಯರು ಪುಸ್ತಕ ಹಿಡಿದು ಹುಲ್ಲಿನ ಮೇಲೆ ಬಂದು ಕೂರುತ್ತಿದ್ದರು. ಕೆಳಗಿನ ತರಗತಿಗಳಲ್ಲಿ ಓರೋಮೋ ಭಾಷೆಯಲ್ಲಿ ಓದಿದ ಮಕ್ಕಳಿಗೆ ಒಂಬತ್ತನೇ ತರಗತಿಯಿಂದ ಎಲ್ಲ ವಿಷಯವೂ ಇಂಗ್ಲಿಷಿನಲ್ಲಿ. ಗೊತ್ತಿದ್ದ ಉತ್ತರವೂ ಬಾಯಿಗೆ ಬಾರದೆ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂರುವ ಆ ಭಂಗಿ ಚಿಕ್ಕಪ್ಪನಿಗೆ ಚೆನ್ನಾಗಿ ಗೊತ್ತು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡ ಎಲ್ಲರಿಗೂ ಗೊತ್ತು. ಲಂಡನ್ನಿನಿಂದ ಬಂದ ಮೇಷ್ಟರಿಗೆ ಅದು ದಡ್ಡತನದಂತೆ ಕಂಡೀತು. ಮೇಲೆ ಹೇಳಿದ ಹಿರಿಯರಿಗೆ ಕೊಡಬೇಕಾಗಿದ್ದ ಉತ್ತರ ಇದೇ ಎಂದು ನನ್ನ ಎಣಿಕೆ: ಇಂಗ್ಲಿಷನ್ನು ಕಷ್ಟಪಟ್ಟು ಕಲಿತವರಿಗೇ ಅದು ಎಲ್ಲೆಲ್ಲಿ ಎಡವಿಸುತ್ತದೆ ಎಂದು ತಿಳಿದಿರುವುದು.

ಹಾಗಾಗಿ ಚಿಕ್ಕಪ್ಪ ಷೇಕ್ಸ್‌ಪಿಯರನನ್ನು ಬದಿಗಿಟ್ಟು ಮೊದಲು ರಜೆ ಅರ್ಜಿ ಬರೆಯಲು ಕಲಿಸಿದರು. ‘ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್…’ ನಮ್ಮ ಹೈಸ್ಕೂಲುಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಅದೇ ಒಕ್ಕಣೆ. ಹುಡುಗರಿಗೆ ಅದು ಮಂತ್ರದ ಹಾಗೆ ಹಿಡಿಸಿತು. ಜ್ವರಕ್ಕೂ ಅದೇ, ಹಾಸ್ಟೆಲಿನ ನಲ್ಲಿ ಕೆಟ್ಟದ್ದಕ್ಕೂ ಅದೇ. ಒಬ್ಬ ತನ್ನ ಹುಡುಗಿಗೆ ಬರೆದ ಕಾಗದವನ್ನು ತಿದ್ದಿಕೊಡಿ ಎಂದು ತಂದಿದ್ದನಂತೆ. ಅದರಲ್ಲೂ ‘ಐ ಬೆಗ್ ಟು ಸ್ಟೇಟ್’ ಎಂದಿತ್ತು. ಚಿಕ್ಕಪ್ಪ ವ್ಯಾಕರಣ ಮಾತ್ರ ನೋಡಿ ಹಿಂದಿರುಗಿಸಿದರು. ಚಿಕ್ಕಮ್ಮ ತಡೆಯದೆ “ರೀ, ಪಾಪ, ಕೊನೆಗೆ ‘ಯುವರ್ಸ್ ಒಬೀಡಿಯಂಟ್ಲಿ’ ಅನ್ನೋದನ್ನಾದ್ರೂ ಹೊಡೆದುಹಾಕಿ” ಎಂದರು. “ಇರಲಿ ಬಿಡೇ, ಮದುವೆ ಆಗೋನಿಗೆ ಅದು ಬೇಕಾಗುತ್ತೆ” ಎಂದು ಚಿಕ್ಕಪ್ಪ ಉಳಿಸಿಕೊಟ್ಟರು.

ಮದುವೆ ನಡೆಯಿತಂತೆ. ಕರೆಯೋಲೆಯೂ ಬಂದಿತ್ತು.

ಈಗ ಇಬ್ಬರೂ ಊರಲ್ಲೇ ಇದ್ದಾರೆ. ಅವರ ಹಾದಿಯಲ್ಲಿ ಇಥಿಯೋಪಿಯಾಕ್ಕೋ ಮತ್ತೆಲ್ಲಿಗೋ ಪಾಠ ಹೇಳಲು ಹೊರಟ ದಂಪತಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಚಿಕ್ಕಮ್ಮ ಒಂದು ಮಾತು ತಿಳಿಸಲು ಹೇಳಿದ್ದಾರೆ. ವ್ಯಾಕರಣದ ಪುಸ್ತಕ ಎಲ್ಲ ಊರಲ್ಲೂ ಸಿಗುತ್ತದೆ, ಅದರ ಭಾರ ಹೊರಬೇಡಿ. ಕುಕ್ಕರಿನ ಗ್ಯಾಸ್ಕೆಟ್ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ.