ತರ್ಟಿ-ಫಾರ್ಟಿ ಸಾವಕಾರರು

ಸವದತ್ತಿಯಿಂದ ಬೇರ್ಪಟ್ಟು ತಾಲೂಕಾದ ಯರಗಟ್ಟಿಯಂಥ ಊರಿನ ಅಂಚಿಗೆ, ಬೆಳಗಾವಿ–ಬಾಗಲಕೋಟೆ ರಸ್ತೆಯ ಬದಿಗೆ ರವಿವಾರ ಬೈಕ್ ನಿಲ್ಲಿಸಿ ಎರೆಹೊಲದ ಕಡೆ ಬೆರಳು ತೋರಿಸುತ್ತ ನಿಂತವರು ಮೂವತ್ತು-ನಲವತ್ತು ಅಡಿ ಪ್ಲಾಟಿನ ಈ ತರ್ಟಿ-ಫಾರ್ಟಿ ಸಾವಕಾರರು. ವೃತ್ತಿಯಿಂದ ಸಾಲಿ ಮಾಸ್ತರೋ, ಬಸ್ ಕಂಡಕ್ಟರೋ, ಸೊಸೈಟಿಯ ಕಾರಕೂನರೋ ಆಗಿರುತ್ತಾರೆ. ಇವರನ್ನು ಆಸೆಬುರುಕರೆನ್ನುವುದು ಅನ್ಯಾಯ. ಇವರು ದುಡ್ಡು ಕೊಟ್ಟು ಕೊಳ್ಳುವುದು ಮುಂದೆ ಬರಲಿರುವ ಸುದ್ದಿಯನ್ನು; ಜಾಗ ಅದರ ಜೊತೆಗೆ ಕೊಸರಾಗಿ ಸಿಗುತ್ತದೆ. ಪುರಾವೆ ಬೇಕಾದರೆ ಅವರ ಮಾತು ಕೇಳಿ. ಪ್ಲಾಟು ಹೇಗಿದೆ ಎಂದರೆ, “ಬಾಜೂಕ ಕೋರ್ಟ್ ಬರ್ತದ್ರೀ, ಹಿಂದ ಬೈಪಾಸು” ಎನ್ನುತ್ತಾರೆ. ನೀರು? “ಬರ್ತದ್ರೀ.” ಗಟಾರ? ಅದೂ ಬರ್ತದ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮೇಲೆ ಧಾರವಾಡಕ್ಕೆ ರೈಲು ಬೇಕೆಂಬುದು ಈ ಸೀಮೆಯ ಹಳೆಯ ಬೇಡಿಕೆ. ಇನ್ನೊಂದು ಮನವಿಪತ್ರ ಪೇಪರಿನಲ್ಲಿ ಬಂತೆಂದರೆ ಸಾವಕಾರರ ಕಿವಿಗೆ ಸೀಟಿ ಕೇಳಿಸಿ, ರೇಟು ಏರಿಬಿಡುತ್ತದೆ. ಸಂತೆಯಲ್ಲಿ ಬದನೆಕಾಯಿ ತಿರುವಿ ತಿರುವಿ ಹುಳ ಹುಡುಕುವ ಮನುಷ್ಯ ಇಲ್ಲಿ ಮೊದಲು ನೋಡುವುದು ಮೂಡಣ ಬಾಗಿಲು, ಆಮೇಲೆ ಈಶಾನ್ಯ ಮೂಲೆ. ಪಹಣಿ ಉತಾರ ನೋಡುವುದು ಮುಂಗಡ ಕೊಟ್ಟ ಮೇಲೆ.

ಬೆಳಗಾವಿಯಲ್ಲಿ ಕೈಗೆಟುಕದವರು ಮತ್ತೆಲ್ಲಿಗೆ ಹೋಗಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇರಲು ಮನೆ ಬೇಕಾದವರು ಎನ್.ಎ. (ಬಿನಶೇತ್ಕಿ) ಆದ, ಇ-ಸ್ವತ್ತು ಇರುವ ಜಾಗ ತಗೊಂಡು ವರ್ಷದೊಳಗೆ ಬುನಾದಿ ತೋಡುತ್ತಾರೆ. ಅವರ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಸಾವಕಾರರು ಇನ್ನೂ ಸೋವಿಯೆಂದು ಬಿನಶೇತ್ಕಿಯಾಗದ ಹೊಲದಲ್ಲಿ ‘ಗುಂಟಾ ಪ್ಲಾಟ್’ ಹಿಡಿಯುತ್ತಾರೆ. ರಿಯಲ್ ಎಸ್ಟೇಟಿಗೆ ರೇರಾ ಕಾನೂನಿದೆಯಲ್ಲ ಎನ್ನುವಿರಾ? 2016ರ ಆ ಕಾಯಿದೆ 500 ಚದರ ಮೀಟರ್ ಮೀರದ, ಇಲ್ಲವೆ 8ಕ್ಕಿಂತ ಹೆಚ್ಚು ಮನೆಯಿಲ್ಲದ ಯೋಜನೆಗಳನ್ನು ನೋಂದಣಿಯಿಂದ ಬಿಟ್ಟಿದೆ. ಎಂಟರ ಮಗ್ಗಿ ಏಜಂಟನಿಗೆ ಬಾಯಿಪಾಠ. ಇನ್ನು ಗುಂಟೆಯೆಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಅದರಲ್ಲಿ 1200 ಚದರ ಅಡಿಯ ಪ್ಲಾಟನ್ನೂ ಮುಂದಿನ ರಸ್ತೆಯನ್ನೂ ಕೂಡಿಸುವ ಲೆಕ್ಕ ಗಣಿತದ ಮಾಸ್ತರರಿಗೂ ಹತ್ತಿಲ್ಲ. ಸರ್ವೆಯ 11-ಇ ನಕ್ಷೆಯಾಗದೆ ತುಂಡು ಬೇರೆಯಾಗುವುದಿಲ್ಲ; ಹೀಗಾಗಿ ಊರಲ್ಲಿ ಅಣ್ಣತಮ್ಮಂದಿರೊಡನೆ ಜಗಳಾಡಿ ಪಾಲು ತಗೊಂಡು ಬಂದವರು ಇಲ್ಲಿ ಗುರುತಿಲ್ಲದವರ ಜೊತೆ ಒಂದೇ ಉತಾರದಲ್ಲಿ ಅವಿಭಕ್ತ ಕುಟುಂಬವಾಗಿ ಕೂತಿರುತ್ತಾರೆ.

ಆದರೂ ಬೆಲೆ ಏರುತ್ತದಲ್ಲ? ಏರುತ್ತದೆ, ಕೊಳ್ಳಲು ಇನ್ನೊಬ್ಬ ಸಾವಕಾರ ಸಿಗುವತನಕ. ಅವನೂ ಕಟ್ಟುವುದಿಲ್ಲ. ಮನೆ ಯಾವಾಗ ಎಂದು ಹೆಂಡತಿ ಕೇಳಿದರೆ, “ಕೋರ್ಟ್ ಬರ್ಲಿ ತಡಿ” ಎಂದು ಹೇಳಿ, ಬಾಡಿಗೆ ಕೊಡಲು ಮಾಲಕರ ಮನೆಗೆ ಹೊರಡುತ್ತಾನೆ.